ಚೀಟಿ ಹರಿಯದ ಹನ್ನೊಂದು ದಿನ

ರಿಜಿಸ್ಟರ್ ಕವರು ಬಂದಾಗ ತುಂಗಮ್ಮನವರ ಎರಡೂ ಕೈಗೆ ಹಲಸಿನ ಅಂಟು ಮೆತ್ತಿಕೊಂಡಿತ್ತು. ಹಾಗಾಗಿ ಪೋಸ್ಟ್‌ಮ್ಯಾನಿಗೆ ಸಹಿ ಹಾಕಿಕೊಟ್ಟವಳು ಸೊಸೆ ಕವನಾ. ಬಿಡಿಸಿ ಓದಿದವಳು ಮಗಳು ದೀಪಶ್ರೀ. ಹಾಸನದಲ್ಲಿ ಕಾನೂನು ಓದಲು ಸೇರಿದ ಮೇಲೆ ಮನೆಗೆ ಬರುವ ಯಾವ ಕಾಗದವನ್ನೂ, ಅದು ಕರೆಂಟಿನ ಬಿಲ್ಲೇ ಆಗಿರಲಿ, ಮದುವೆಯ ಕರೆಯೋಲೆಯೇ ಆಗಿರಲಿ, ಮೊದಲು ತಾನೇ ಓದಬೇಕು ಎಂಬ ಅಧಿಕಾರವನ್ನು ಈ ಹುಡುಗಿ ತನಗೆ ತಾನೇ ಕೊಟ್ಟುಕೊಂಡಿದ್ದಳು. ರಜೆಗೆ ಬಂದು ವಾರವಾಗಿತ್ತು. ಮಾಡಲು ಕೆಲಸವಿಲ್ಲದೆ, ಅಥವಾ ಇರುವ ಕೆಲಸ ಮಾಡಲು ಮನಸ್ಸಿಲ್ಲದೆ ಅಡ್ಡಾಡುತ್ತಿದ್ದವಳಿಗೆ ಕೈತುಂಬ ಕೆಲಸ ಸಿಕ್ಕಿತು.

"ಅಮ್ಮ, ಲಾಯರ್ ನೋಟಿಸು. ನಮ್ಮ ಓಮ್ನಿ ಮೇಲೆ," ಅಂದಳು.

ವಿಷಯ ಇಷ್ಟು. ಚಿಕ್ಕಮಗಳೂರಿನ ಆಸ್ಪತ್ರೆಯೊಂದರ ಎದುರಿಗಿರುವ ಖಾಸಗಿ ಪಾರ್ಕಿಂಗ್ ಜಾಗದಲ್ಲಿ ಜನವರಿ ತಿಂಗಳ ಹನ್ನೊಂದು ದಿನ ಈ ಮನೆಯ ಓಮ್ನಿ ಚೀಟಿ ಇಲ್ಲದೆ ನಿಂತಿತ್ತು. ಬಾಡಿಗೆ, ದಿನಕ್ಕಿಷ್ಟರಂತೆ ದಂಡ, ನೋಟಿಸಿನ ಖರ್ಚು ಎಲ್ಲ ಸೇರಿ ಹದಿನಾಲ್ಕು ಸಾವಿರದ ಎಂಟುನೂರ ಐವತ್ತು ರೂಪಾಯಿಯನ್ನು ಹದಿನೈದು ದಿನದೊಳಗೆ ಕಟ್ಟಬೇಕು. ಕಟ್ಟದಿದ್ದರೆ ಗಾಡಿಯ ಮಾಲೀಕ, ತುಂಗಮ್ಮನವರ ಗಂಡ ಪರಮೇಶ್ವರಪ್ಪನವರ ಮೇಲೆ ಕೋರ್ಟಿನಲ್ಲಿ ದಾವೆ.

ಗಾಡಿ ಅಲ್ಲಿ ನಿಂತಿದ್ದು ಸುಳ್ಳಲ್ಲ. ಕಾಫಿ ಕೊಯ್ಲಿನ ನಡುವೆ, ಹಣ್ಣು ಹರಡಿದ್ದ ಕಣದಲ್ಲಿ ತುಂಗಮ್ಮ ಕಾಲು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಮೂಡಿಗೆರೆಯ ಡಾಕ್ಟರು ಆಪರೇಷನ್ ಆಗಬೇಕು ಅಂದಮೇಲೆ ಮಗ ರಾಜೇಶ ಅವರನ್ನು ಓಮ್ನಿಯ ಹಿಂದಿನ ಸೀಟು ಕಿತ್ತು, ಹಾಸಿಗೆ ಹಾಕಿ, ಚಿಕ್ಕಮಗಳೂರಿಗೆ ಕರೆದೊಯ್ದಿದ್ದ. ಆಸ್ಪತ್ರೆಯೊಳಗೆ ರೋಗಿಯ ಜೊತೆ ಒಬ್ಬರಿಗಷ್ಟೇ ಜಾಗ; ಅಲ್ಲಿ ಕವನಾ ಇದ್ದಳು. ರಾಜೇಶ ಹನ್ನೊಂದು ರಾತ್ರಿಯೂ ಎದುರಿನ ಪಾರ್ಕಿಂಗಿನಲ್ಲಿ ಗಾಡಿಯೊಳಗೇ ಮಲಗಿದ್ದ.

ಆ ಪಾರ್ಕಿಂಗಿನ ಗೇಟಿನಲ್ಲಿ ಹಗಲು ಪಾಳಿಯ ಕಾವಲಿಗೆ ಇದ್ದವರು ಲಿಂಗಪ್ಪ, ಕವನಾಳ ಅಪ್ಪ. ಮೂವತ್ತು ವರ್ಷ ಕಾಫಿ ಬೀಜ ಹದಮಾಡುವ ಕ್ಯೂರಿಂಗ್ ವರ್ಕ್ಸಿನಲ್ಲಿ ಮೂಟೆ ತೂಗಿ, ವಯಸ್ಸಾಯಿತೆಂದು ಮನೆಗೆ ಕಳಿಸಿದ ಮೇಲೆ ನೀಲಿ ಅಂಗಿ ತೊಟ್ಟು ಇಲ್ಲಿ ಸೀಟಿ ಊದುತ್ತಿದ್ದರು. ರಾಜೇಶ ಗಾಡಿ ನಿಲ್ಲಿಸಿ ನೂರರ ನೋಟು ಚಾಚಿದಾಗ ಅವರು ಎರಡು ಹೆಜ್ಜೆ ಹಿಂದೆ ಸರಿದರು. "ಮಗಳನ್ನ ಕೊಟ್ಟ ಮನೆಯವರ ಹತ್ರ ಚೀಟಿ ಹರಿದು ದುಡ್ಡು ಇಸ್ಕೊಳ್ಳೋದಾ? ನನ್ನ ಕೈ ಬಿದ್ದುಹೋಗ್ಲಿ. ಹೋಗಿ, ಮೊದಲು ಅಮ್ಮನ್ನ ನೋಡಿ," ಎಂದು ಅಡ್ಡಕಂಬವನ್ನು ಎತ್ತಿಹಿಡಿದರು. ಬೀಗರ ಮನೆಗೆ ಒಂದು ಲೋಟ ನೀರಿಗೂ ಬೆಲೆ ಕಟ್ಟಬಾರದು ಎಂದು ನಂಬಿದ ಜನ. ಆ ಜಾಗ ತಮ್ಮದಲ್ಲ, ಕಂಪನಿಯದು ಎಂಬುದು ಅವರಿಗೆ ಆ ಹೊತ್ತಿಗೆ ನೆನಪಾಗಲಿಲ್ಲ. ನೆನಪಾಗಿದ್ದರೂ ಅವರು ಬೇರೆ ಏನನ್ನೂ ಮಾಡುತ್ತಿರಲಿಲ್ಲವೆನ್ನಿ.

ನಾಲ್ಕು ತಿಂಗಳ ಮೇಲೆ ಕಂಪನಿಯವರು ಕ್ಯಾಮೆರಾದಲ್ಲಿದ್ದ ಗಾಡಿ ನಂಬರುಗಳನ್ನೂ ಚೀಟಿ ಪುಸ್ತಕವನ್ನೂ ತಾಳೆ ಹಾಕಿದ್ದರು. ಅಷ್ಟೇ ಆದದ್ದು.

ಆ ರಾತ್ರಿ ಅಕ್ಕಿರೊಟ್ಟಿ, ಹುರುಳಿ ಸಾರಿನ ಮುಂದೆ ಎಲ್ಲರೂ ಕೂತರು. ರಾಜೇಶ ಪಕ್ಕದ ದೊಡ್ಡ ಎಸ್ಟೇಟಿನಲ್ಲಿ ರೈಟರು. ದಿನವಿಡೀ ಆಳುಗಳ ಹಾಜರಿ ಬರೆದು ದಣಿದು ಬಂದವನಿಗೆ ಜಗಳ ಬೇಕಿರಲಿಲ್ಲ. ಮೆಣಸು ಮಾರಿದ ದುಡ್ಡಿದೆ, ಕಟ್ಟಿ ಮುಗಿಸೋಣ ಅಂದ. ಪರಮೇಶ್ವರಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

"ಮಾಡದ ತಪ್ಪಿಗೆ ದಂಡ ಕಟ್ಟೋದಾ? ನಾವೇನು ಗೇಟು ಮುರಿದು ಹೋಗಿದ್ವಾ?"

"ಚೀಟಿ ತಗೊಂಡಿಲ್ಲ ಅನ್ನೋದು ನಿಜ ಅಲ್ದಾ ಅಪ್ಪ."

"ಕೊಟ್ಟಿದ್ರೆ ತಗೊಳ್ತಿದ್ವಿ," ಅಂದಳು ದೀಪಶ್ರೀ. "ಅಣ್ಣ, ಖಾಸಗಿಯವರಿಗೆ ದಂಡ ಹಾಕೋ ಅಧಿಕಾರನೇ ಇಲ್ಲ. ದಂಡ ಇಷ್ಟು ಅಂತ ಬೋರ್ಡಲ್ಲಿ ಬರೆದಿರ್ಬೇಕು, ನಾವು ಒಪ್ಪಿರ್ಬೇಕು. ಹೆದರಿಸೋಕೆ ಕೋರ್ಟು ಗೀರ್ಟು ಅಂತ ಬರೀತಾರೆ. ನಾನು ಉತ್ತರ ಬರೀತೀನಿ, ನೋಡ್ತಿರಿ."

ಕವನಾ ಒಲೆಯ ಹತ್ತಿರ ರೊಟ್ಟಿ ತಟ್ಟುತ್ತಿದ್ದವಳು ತಿರುಗಿ ನೋಡಲಿಲ್ಲ. ಉತ್ತರದಲ್ಲಿ ಅಪ್ಪನ ಹೆಸರು ಬರುತ್ತದಾ ಎಂದಷ್ಟೇ ಕೇಳಿದಳು. ಅಲ್ಲಿಯವರೆಗೆ ಅದು ಹದಿನಾಲ್ಕು ಸಾವಿರದ ಮಾತಾಗಿತ್ತು. ಈಗ ಲಿಂಗಪ್ಪನವರ ಕೆಲಸದ ಮಾತಾಯಿತು. ಹೆಂಡತಿ ತೀರಿಕೊಂಡ ಮನುಷ್ಯ. ಕಿರಿಯ ಮಗಳು ರೂಪಶ್ರೀ ನರ್ಸಿಂಗ್ ಎರಡನೇ ವರ್ಷ. ಅವಳ ಫೀಸು ಆ ನೀಲಿ ಅಂಗಿಯ ಸಂಬಳದಿಂದಲೇ ನಡೆಯುತ್ತಿತ್ತು. ಅವರ ಹೆಸರು ಬರುವುದಿಲ್ಲ ಎಂದು ಪರಮೇಶ್ವರಪ್ಪ ಹೇಳಿದರು. ದೀಪಶ್ರೀಯೂ ತಲೆಯಾಡಿಸಿದಳು.

ಮುಂದಿನ ಭಾನುವಾರ ಲಿಂಗಪ್ಪನವರೇ ಬಸ್ಸಿಳಿದು, ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಬಂದರು. ಮಗಳು ಫೋನಿನಲ್ಲಿ ವಿಷಯ ತಿಳಿಸಿದಾಗಿನಿಂದ ನಿದ್ದೆ ಬಂದಿರಲಿಲ್ಲವೆಂದು ಮುಖ ನೋಡಿದರೇ ತಿಳಿಯುತ್ತಿತ್ತು. ಕಾಫಿ ಕುಡಿದು, ಮಳೆ, ಕೊಳೆರೋಗ ಎಂದೆಲ್ಲ ಮಾತಾಡಿ, ಕೊನೆಗೆ ಅಂಗಿಯ ಒಳಜೇಬಿನಿಂದ ಒಂದು ಕವರು ತೆಗೆದು ಸ್ಟೂಲಿನ ಮೇಲಿಟ್ಟರು. ಹತ್ತು ಸಾವಿರ ಇದೆ, ಉಳಿದದ್ದು ಮುಂದಿನ ತಿಂಗಳು ಅಂದರು.

ಪರಮೇಶ್ವರಪ್ಪ ಕವರನ್ನು ಮುಟ್ಟಲೂ ಇಲ್ಲ. ನೀವು ನಮ್ಮಿಂದ ನೂರು ರೂಪಾಯಿ ತಗೊಳ್ಳಲ್ಲ, ನಾವು ನಿಮ್ಮಿಂದ ಹತ್ತು ಸಾವಿರ ತಗೊಳ್ಳೋದಾ ಎಂದು ನಕ್ಕರು. ಲಿಂಗಪ್ಪ ಒತ್ತಾಯಿಸಿದರು, ಇವರು ಬೇಡವೆಂದರು, ಕವರು ಸ್ಟೂಲಿನ ಮೇಲೆ ಆ ಕಡೆ ಈ ಕಡೆ ನಾಲ್ಕು ಸಲ ಓಡಾಡಿತು. ಬೀಗರ ಮುಂದೆ ಇಬ್ಬರೂ ಸೋಲಲು ತಯಾರಿರಲಿಲ್ಲ. ಆ ದಿನ ಇಬ್ಬರಲ್ಲಿ ಒಬ್ಬರಾದರೂ ಸ್ವಲ್ಪ ಮರ್ಯಾದೆಗೆಟ್ಟಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು ಎಂದು ತುಂಗಮ್ಮನಿಗೆ ಆಮೇಲೆ ಎಷ್ಟೋ ಸಲ ಅನಿಸಿದೆ. ಆದರೆ ಅವತ್ತು ಅವರೂ ಒಳಗಿನಿಂದ ಕೂಗಿ, ಆ ಕವರನ್ನು ಬೀಗರ ಜೇಬಿಗೆ ವಾಪಸು ತುರುಕಲು ಮಗನಿಗೆ ಹೇಳಿದ್ದರು.

ದೀಪಶ್ರೀ ಎರಡು ದಿನ ಕೂತು ಉತ್ತರ ಬರೆದಳು. ಮೂಡಿಗೆರೆಯ ಒಬ್ಬ ವಕೀಲರು ಅದರ ಉದ್ದವನ್ನು ಅರ್ಧಕ್ಕಿಳಿಸಿ ಸಹಿ ಹಾಕಿದರು. ದಂಡದ ದರವನ್ನು ತೋರಿಸುವ ಬೋರ್ಡಿರಲಿಲ್ಲ, ಚೀಟಿಯನ್ನೇ ಕೊಟ್ಟಿಲ್ಲ, ಕೊಡದ ಚೀಟಿಗೆ ಕರಾರು ಹೇಗಾದೀತು ಎಂಬುದು ಅದರ ಸಾರಾಂಶ. ಉತ್ತರ ಕಳಿಸಿದ ದಿನ ಅವಳು ಖುಷಿಗೆ ಅತ್ತಿಗೆಯ ಪಾಲಿನ ಪಾತ್ರೆಯನ್ನೂ ತಾನೇ ತೊಳೆದಳು.

ಜೂನ್ ಕೊನೆಗೆ ಎರಡನೇ ಕವರು ಬಂತು. ಅದರಲ್ಲಿ ಸಂಗತಿ ಬೇರೆಯಾಗಿತ್ತು. ಗೇಟಿನಲ್ಲಿದ್ದ ನೌಕರ ತಾನು ಚೀಟಿ ಇಲ್ಲದೆ ಯಾವ ಗಾಡಿಯನ್ನೂ ಒಳಗೆ ಬಿಟ್ಟಿಲ್ಲವೆಂದು ಬರೆದುಕೊಟ್ಟಿದ್ದಾನೆ. ಆದ್ದರಿಂದ ನಿಮ್ಮ ಗಾಡಿ ಇನ್ನೊಂದು ಗಾಡಿಯ ಬೆನ್ನಿಗೆ ಕದ್ದು ನುಗ್ಗಿದೆ. ಕೋರ್ಟಿಗೆ ಹೋಗುವ ಮುಂಚೆ ರಾಜಿಗೆ ಒಂದು ಅವಕಾಶ; ಜುಲೈಯಲ್ಲಿ ಅದಾಲತ್ತಿಗೆ ಬನ್ನಿ.

ಬರೆದುಕೊಟ್ಟ ಕಾಗದದ ನಕಲು ಜೊತೆಗಿತ್ತು. ಕೆಳಗೆ ಲಿಂಗಪ್ಪನವರ ಸಹಿ. ಕವನಾ ಅದನ್ನು ನೋಡಿ ಹಿತ್ತಿಲಿಗೆ ಹೋದಳು. ತುಂಗಮ್ಮ ವಾಕರ್ ಊರಿಕೊಂಡು ಹಿಂದೆಯೇ ಹೋದಾಗ ಅವಳು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು.

"ಅಪ್ಪ ಯಾವತ್ತೂ ಸುಳ್ಳು ಬರೆದವರಲ್ಲ ಅತ್ತೆ. ಮ್ಯಾನೇಜರ್ ಎದುರಿಗೆ ನಿಂತು ಕೇಳಿದಾಗ ಹೆದರಿ ಬರೆದಿದ್ದಾರೆ. ಈ ಕೆಲಸ ಹೋದ್ರೆ ಈ ವಯಸ್ಸಲ್ಲಿ ಯಾರು ಕೊಡ್ತಾರೆ? ರೂಪಾಳ ಗತಿ ಏನು?"

"ನಿಮ್ಮಪ್ಪನ ಹೆಸರು ನನ್ನ ಬಾಯಿಂದ ಬರಲ್ಲ ಮಗಾ," ಎಂದರು ತುಂಗಮ್ಮ. ಅವಳ ತಲೆ ಸವರಿದರು. ಹನ್ನೊಂದು ದಿನ ಆಸ್ಪತ್ರೆಯಲ್ಲಿ ಮಲಮೂತ್ರ ಬಳಿದ ಹುಡುಗಿ ಅದು. ಹೆತ್ತ ಮಗಳು ಪರೀಕ್ಷೆಯೆಂದು ಎರಡು ದಿನ ಬಂದು ಸೇಬು ಸುಲಿದುಕೊಟ್ಟು ಹೋಗಿದ್ದಳು. ತುಂಗಮ್ಮ ಮಾತು ಕೊಟ್ಟದ್ದು ಮನಸ್ಸಿನಿಂದಲೇ.

ಅದಾಲತ್ತಿಗೆ ಮುಂಚಿನ ವಾರ ಮನೆಯಲ್ಲಿ ಊಟದ ಹೊತ್ತೆಲ್ಲ ತಾಲೀಮಾಯಿತು. ಚೀಟಿ ಕೊಡಲಿಲ್ಲ ಅನ್ನಬೇಕು. ಯಾರು ಕೊಡಲಿಲ್ಲ ಎಂದು ಕೇಳಿದರೆ ಗಲಾಟೆಯಲ್ಲಿ ನೋಡಲಿಲ್ಲ ಅನ್ನಬೇಕು. ಅಮ್ಮ ವಾಕರ್ ಹಿಡಿದು ಬಂದರೆ ಒಳ್ಳೆಯದು ಎಂದದ್ದೂ ದೀಪಶ್ರೀಯೇ. ಕಳಲೆ ಪಲ್ಯ ಕಲಸುತ್ತಾ ರಾಜೇಶ ತಂಗಿಯನ್ನು ಕೇಳಿದ, "ಅಮ್ಮನ್ನ ಸಾಕ್ಷಿಗೆ ಕರ್ಕೊಂಡು ಹೋಗ್ತೀಯಾ, ಪ್ರದರ್ಶನಕ್ಕಾ?" ಅವನಿಗೆ ಎಸ್ಟೇಟಿನಲ್ಲಿ ರಜೆ ಸಿಗಲಿಲ್ಲ. ಕವನಾ ತೋಟಕ್ಕೆ ಗೊಬ್ಬರ ಹಾಕುವ ಆಳುಗಳನ್ನು ನೋಡಿಕೊಳ್ಳಲು ಉಳಿದಳು. ಹೊರಟವರು ಮೂವರು.

ಕೋರ್ಟಿನ ಆವರಣದ ಒಂದು ಕೋಣೆಯಲ್ಲಿ ನಿವೃತ್ತ ನ್ಯಾಯಾಧೀಶರೊಬ್ಬರು ಮೇಜಿನ ಹಿಂದೆ ಕೂತಿದ್ದರು. ಕಂಪನಿಯ ಕಡೆಯಿಂದ ಮ್ಯಾನೇಜರ್ ಬಂದಿದ್ದ. ಮೂವತ್ತು ದಾಟದ, ಹದವಾಗಿ ಮಾತಾಡುವ ಹುಡುಗ. ತುಂಗಮ್ಮನನ್ನು ಕಂಡ ಕೂಡಲೇ ಎದ್ದು ಕುರ್ಚಿ ಕೊಟ್ಟ. ಅವನ ಹಿಂದೆ, ಗೋಡೆಗೆ ಆನಿಸಿದ ಬೆಂಚಿನ ಮೇಲೆ, ನೀಲಿ ಅಂಗಿಯಲ್ಲಿ ಲಿಂಗಪ್ಪ ಕೂತಿದ್ದರು.

ಅವರನ್ನು ಕರೆತರುತ್ತಾರೆಂದು ಇವರಿಗೆ ಯಾರೂ ಹೇಳಿರಲಿಲ್ಲ. ಇಬ್ಬರೂ ಬೀಗರು ಒಬ್ಬರನ್ನೊಬ್ಬರು ನೋಡಿದರು. ನಮಸ್ಕಾರ ಮಾಡಲು ಎತ್ತಿದ ಕೈಯನ್ನು ಪರಮೇಶ್ವರಪ್ಪ ಕನ್ನಡಕದ ಕಡೆ ತಿರುಗಿಸಿಕೊಂಡರು. ಗುರುತು ತೋರಿಸಿದರೆ ಕೆಟ್ಟಿತು. ಮನೆಗೆ ಬಂದರೆ ಕಾಲಿಗೆ ನೀರು ಕೊಟ್ಟು ಒಳಗೆ ಕರೆಯುವ ಮನುಷ್ಯನನ್ನು ಕಂಡೂ ಕಾಣದಂತೆ ತುಂಗಮ್ಮ ಕೂರಬೇಕಾಯಿತು.

ದೀಪಶ್ರೀ ತನ್ನ ಬೋರ್ಡಿನ ವಾದವನ್ನು ಚೆನ್ನಾಗಿಯೇ ಹೇಳಿದಳು. ನ್ಯಾಯಾಧೀಶರು ಕೇಳಿಸಿಕೊಂಡು ತಲೆದೂಗಿದರು. ದಂಡಕ್ಕೆ ಬಲವಿಲ್ಲವೆಂದು ಅವರು ಮ್ಯಾನೇಜರನಿಗೆ ಹೇಳಿದಾಗ ಅವನೂ ಹೆಚ್ಚು ಎಳೆಯಲಿಲ್ಲ. ದಂಡ ಬಿಡುತ್ತೇವೆ, ನೋಟಿಸಿನ ಖರ್ಚೂ ಬೇಡ, ದಿನಕ್ಕೆ ನೂರರಂತೆ ಸಾವಿರದ ನೂರು ರೂಪಾಯಿ ಬಾಡಿಗೆ ಕೊಡಲಿ, ಕಡತ ಮುಚ್ಚುತ್ತೇವೆ ಎಂದ. ಆದರೆ ಹೆಡ್ಡಾಫೀಸಿಗೆ ತೋರಿಸಲು ಒಂದು ಸಾಲು ಬೇಕಿತ್ತು. ಅದನ್ನು ಟೈಪು ಮಾಡಿಸಿಕೊಂಡೇ ಬಂದಿದ್ದ: "ಅನುಮತಿ ಇಲ್ಲದೆ, ಕಾವಲಿನವರ ಕಣ್ಣು ತಪ್ಪಿಸಿ ನನ್ನ ವಾಹನವನ್ನು ಒಳಗೆ ತಂದದ್ದಕ್ಕೆ ವಿಷಾದಿಸುತ್ತೇನೆ."

ಪರಮೇಶ್ವರಪ್ಪ ಆ ಸಾಲನ್ನು ಎರಡು ಸಲ ಓದಿದರು. ಇಪ್ಪತ್ತು ವರ್ಷ ಸೊಸೈಟಿಯ ನಿರ್ದೇಶಕರಾಗಿದ್ದವರು. ಅಲ್ಲಿಯ ಪೆನ್ನನ್ನು ಮರೆತು ಜೇಬಿಗೆ ಹಾಕಿಕೊಂಡು ಬಂದಿದ್ದಕ್ಕೆ ಮಳೆಯಲ್ಲಿ ವಾಪಸು ನಡೆದು ಹೋಗಿದ್ದವರು. ಕಿವಿಯ ತುದಿ ಕೆಂಪಾಯಿತು. ಆದರೂ ಮಗಳ ಕೈಯಿಂದ ಪೆನ್ನು ಇಸ್ಕೊಂಡರು. ಸೊಸೆಗೋಸ್ಕರ ತಾವೇ ಕಳ್ಳರೆಂದು ಸಹಿ ಹಾಕಲು ಮನಸ್ಸು ಗಟ್ಟಿ ಮಾಡಿಕೊಂಡಿದ್ದರು. ಪೆನ್ನಿನ ತುದಿ ಕಾಗದದ ಮೇಲೆ ಒಂದು ಚುಕ್ಕಿ ಇಟ್ಟು ನಿಂತಿತು.

ತುಂಗಮ್ಮ ಬೆಂಚಿನ ಕಡೆ ನೋಡಿದರು. ಬೀಗರು ಈಗಲಾದರೂ ಎದ್ದು ಒಂದು ಮಾತು ಹೇಳಲಿ ಎಂದು ಕಾದರು. ಲಿಂಗಪ್ಪ ಒಮ್ಮೆ ತಲೆಯೆತ್ತಿದರು. ಇಬ್ಬರ ಕಣ್ಣೂ ಕೂಡಿದವು. ಆಮೇಲೆ ಅವರು ನೆಲ ನೋಡತೊಡಗಿದರು. ತುಂಗಮ್ಮನಿಗೆ ಸಿಟ್ಟು ಬಂತು. ತನ್ನ ಗಂಡ ಈ ಹುಡುಗನ ಮುಂದೆ ಕಳ್ಳನಾಗುವುದನ್ನು ಆ ಮನುಷ್ಯ ಕೂತು ನೋಡುತ್ತಿದ್ದಾರಲ್ಲ ಅನಿಸಿತು. ಕೊಟ್ಟ ಮಾತು ನೆನಪಿತ್ತು. ಕವನಾಳ ಮುಖವೂ ನೆನಪಿತ್ತು.

"ಕಣ್ಣು ತಪ್ಪಿಸಿ ಹೋಗೋಕೆ ನಮಗೇನು ಬಂದಿದೆ?" ಎಂದರು. "ನಮ್ಮ ಬೀಗರೇ ಕಂಬ ಎತ್ತಿ ಒಳಗೆ ಕರೆದ್ರು. ಅಲ್ಲೇ ಕೂತಿದ್ದಾರೆ, ಕೇಳಿ."

ಮ್ಯಾನೇಜರ್ ನಿಧಾನವಾಗಿ ಹಿಂದೆ ತಿರುಗಿ ಇದು ಹೌದಾ ಎಂದು ಕೇಳಿದ. ಲಿಂಗಪ್ಪ ಎದ್ದು ನಿಂತು, ಅಂಗಿಯ ಗುಂಡಿ ಸರಿಮಾಡಿಕೊಂಡು, "ಹೌದು ಸಾರ್," ಅಂದರು.

ಕಂಪನಿ ಬಾಡಿಗೆಯನ್ನೂ ಬಿಟ್ಟಿತು. ತಮ್ಮ ನೌಕರನೇ ಒಳಗೆ ಬಿಟ್ಟಿರುವಾಗ ನಿಮ್ಮಿಂದ ಏನೂ ಬರಬೇಕಾಗಿಲ್ಲವೆಂದು ಮ್ಯಾನೇಜರ್ ಬರೆದುಕೊಟ್ಟ. ಪಾಪ, ಕ್ಷಮೆಯನ್ನೂ ಕೇಳಿದ. ಬಾಗಿಲ ಹೊರಗೆ ಅವನು ಲಿಂಗಪ್ಪನವರ ಜೊತೆ ಎರಡು ನಿಮಿಷ ಮಾತಾಡಿದ. ದನಿ ಎತ್ತರಿಸಲಿಲ್ಲ. ಲಿಂಗಪ್ಪ ಕುತ್ತಿಗೆಯಿಂದ ಸೀಟಿಯ ದಾರ ತೆಗೆದು ಅವನ ಕೈಗೆ ಕೊಟ್ಟರು. ಪರಮೇಶ್ವರಪ್ಪ ಹತ್ತಿರ ಹೋಗುವಷ್ಟರಲ್ಲಿ ಅವರು ಛತ್ರಿ ಬಿಚ್ಚಿ ಮೆಟ್ಟಿಲಿಳಿದಾಗಿತ್ತು.

ದಾರಿಯಲ್ಲಿ ಓಮ್ನಿಯೊಳಗೆ ದೀಪಶ್ರೀ ಅಳುತ್ತಿದ್ದಳು. ಅಷ್ಟು ಚೆನ್ನಾಗಿ ಸಾವಿರದ ನೂರಕ್ಕೆ ಇಳಿದಿತ್ತಲ್ಲ ಎಂದು ಒಂದೇ ಸಮನೆ ಹೇಳುತ್ತಿದ್ದಳು. ಮನೆ ಹತ್ತಿರವಾದಾಗ ಪರಮೇಶ್ವರಪ್ಪ ಗಾಡಿಯನ್ನು ಒಂದು ಪಕ್ಕಕ್ಕೆ ನಿಲ್ಲಿಸಿದರು.

"ನಿಮ್ಮಮ್ಮ ಬಾಯಿ ತಪ್ಪಿ ಅಂದ್ಬಿಟ್ಟಳು. ಮನೇಲಿ ಹಾಗೇ ಹೇಳೋದು. ತಿಳೀತಾ?"

ಮಗಳು ಹೂಂ ಅಂದಳು. ಅವಳಿಗೆ ಅದು ನಿಜವೇ ಆಗಿತ್ತು. ಪರಮೇಶ್ವರಪ್ಪ ಹೆಂಡತಿಯ ಕಡೆ ನೋಡದೆ ಗೇರು ಹಾಕಿದರು. ಅವರಿಗೆ ಎಷ್ಟು ಗೊತ್ತಾಗಿದೆ ಎಂದು ಕೇಳಲು ತುಂಗಮ್ಮನಿಗೆ ಧೈರ್ಯ ಬರಲಿಲ್ಲ.

ಕವನಾ ಜಗಳ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು. ಮಾವ ಹೇಳುವುದನ್ನೆಲ್ಲ ನಿಂತು ಕೇಳಿಸಿಕೊಂಡು, ಆಳುಗಳು ಎಷ್ಟು ಮೂಟೆ ಗೊಬ್ಬರ ಮುಗಿಸಿದರೆಂದು ತಿಳಿಸಿ, ಅಡುಗೆಗೆ ಹೋದಳು. ಎರಡು ದಿನ ಬೇಕಾದಷ್ಟೇ ಮಾತು. ಮೂರನೇ ದಿನ ದೀಪಶ್ರೀ ಕಾಲೇಜಿಗೆ ಹೊರಡಲು ಬಟ್ಟೆ ಜೋಡಿಸುತ್ತಿದ್ದಾಗ, ಉಪ್ಪಿನಕಾಯಿ ಬಾಟಲಿ ತುಂಬಿ ತಂದ ಕವನಾ ಅದನ್ನು ಮಂಚದ ಮೇಲೆ ಇಟ್ಟಳು.

"ತಗೊ ದೀಪು. ನಿನ್ನ ಮೊದಲ ಕೇಸು ಗೆದ್ದೆ."

"ಅತ್ತಿಗೆ, ನಾನು ನಿಮ್ಮಪ್ಪನ ಹೆಸರು ಎಲ್ಲೂ ತಂದಿಲ್ಲ."

"ನಿಮ್ಮಣ್ಣ ಮೊದಲ ದಿನವೇ ಕಟ್ಟೋಣ ಅಂದ್ರು. ಆವತ್ತು ಯಾರು ಬೇಡ ಅಂದಿದ್ದು? ನಂಗೆ ಅತ್ತೆ ಮೇಲೆ ಏನಿಲ್ಲ. ಅವರದ್ದು ಬಾಯಿ ತಪ್ಪಿ ಬಂದ ಮಾತು. ನಿಂದು ಹಾಗಲ್ಲ, ಯೋಚನೆ ಮಾಡಿ ಬರೆದಿದ್ದು."

ದೀಪಶ್ರೀ ಉಪ್ಪಿನಕಾಯಿಯನ್ನು ಬಿಟ್ಟೇ ಹೋದಳು. ಪಕ್ಕದ ಕೋಣೆಯಲ್ಲಿ ಸೊಂಟಕ್ಕೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ ತುಂಗಮ್ಮನಿಗೆ ಎಲ್ಲ ಕೇಳಿಸಿತು. ಎದ್ದು ಹೋಗಿ ಒಂದು ಮಾತು ಹೇಳಿದ್ದರೆ ಮಗಳ ತಲೆಯ ಮೇಲಿನ ಭಾರ ಇಳಿಯುತ್ತಿತ್ತು. ವಾಕರ್ ಕೈಗೆಟುಕುವಷ್ಟೇ ದೂರದಲ್ಲಿತ್ತು. ಅವರು ಏಳಲಿಲ್ಲ.

ಆಮೇಲಿನ ವಾರಗಳಲ್ಲಿ ಈ ಮನೆಯವರು ತಮಗೆ ಗೊತ್ತಿದ್ದ ರೀತಿಯಲ್ಲೆಲ್ಲ ತಪ್ಪನ್ನು ತುಂಬಿಕೊಡಲು ನೋಡಿದರು. ಪರಮೇಶ್ವರಪ್ಪ ಒಂದು ಮೂಟೆ ಅಕ್ಕಿ, ಎರಡು ಕೆಜಿ ಕಾಫಿಪುಡಿ, ಒಂದು ಡಬ್ಬ ಜೇನುತುಪ್ಪ ಕಳಿಸಿದರು. ಲಿಂಗಪ್ಪ ಎಲ್ಲವನ್ನೂ ತೆಗೆದುಕೊಂಡು, ಕಾಫಿ ಕೊಟ್ಟು, ಅಳಿಯನ ಕೈಗೆ ಅದಕ್ಕಿಂತ ಹೆಚ್ಚಿನ ಬೆಲೆಯ ಪಂಚೆ, ಸೀರೆ ಇಟ್ಟು ಕಳಿಸಿದರು. ಎಸ್ಟೇಟಿನಲ್ಲಿ ಕಾವಲಿನ ಕೆಲಸವಿದೆ, ಸಾಹೇಬರ ಹತ್ತಿರ ಮಾತಾಡಲಾ ಎಂದು ರಾಜೇಶ ಕೇಳಿದ. ಅಳಿಯ ಹಾಜರಿ ಬರೆಯುವ ಕಡೆ ಮಾವ ಹೋಗಿ ಸಾಲಿನಲ್ಲಿ ನಿಲ್ಲುವುದು ಚೆನ್ನಾಗಿರೋದಿಲ್ಲ ಎಂದು ಅವರು ನಗುತ್ತಲೇ ಅಂದರಂತೆ. ಕಂಪನಿಯವರು ಆ ತಿಂಗಳ ಸಂಬಳವನ್ನೂ ಹಿಡಿದುಕೊಂಡಿದ್ದಾರೆಂಬುದು ರೂಪಶ್ರೀಯ ಬಾಯಿಂದ ತಿಳಿಯಿತು. ಅವಳು ಓದನ್ನು ಒಂದು ವರ್ಷ ನಿಲ್ಲಿಸಿ ಔಷಧಿ ಅಂಗಡಿಯೊಂದಕ್ಕೆ ಸೇರಿದ್ದಳು. ಫೀಸು ನಾವು ಕೊಡುತ್ತೇವೆಂದು ಪರಮೇಶ್ವರಪ್ಪ ಫೋನು ಮಾಡಿದರು. ಆ ಕಡೆಯಿಂದ ಬೇಡ ಬೀಗ್ರೆ, ಬೇಡ ಬೀಗ್ರೆ ಎಂಬುದಷ್ಟೇ ಉತ್ತರ.

ಕವನಾ ಮಾತ್ರ ದಿನ ಕಳೆದಂತೆ ಅತ್ತೆಗೆ ಹತ್ತಿರವಾದಳು. ಅದೇ ತುಂಗಮ್ಮನಿಗೆ ತಡೆಯಲಾಗದ್ದು. ಬೆಳಿಗ್ಗೆ ಬಿಸಿನೀರು ಹದ ಮಾಡಿ ಇಡುತ್ತಿದ್ದಳು, ಮೆಟ್ಟಿಲು ಹತ್ತುವಾಗ ಕೈ ಕೊಡುತ್ತಿದ್ದಳು, ತಟ್ಟೆಯಲ್ಲಿ ಅನ್ನ ಉಳಿದರೆ ಗದರುತ್ತಿದ್ದಳು. ಬಾಯಿ ತಪ್ಪಿದ್ದಕ್ಕೆ ಇಷ್ಟು ಕೊರಗಬೇಡಿ ಎಂದು ದಿನಕ್ಕೊಂದು ಸಲವಾದರೂ ಹೇಳುತ್ತಿದ್ದಳು. ತುಂಗಮ್ಮ ಅದಕ್ಕೆ ಹೌದೆನ್ನುತ್ತಿರಲಿಲ್ಲ, ಅಲ್ಲವೆನ್ನುತ್ತಿರಲಿಲ್ಲ. ಏನಾದರೂ ಕೆಲಸ ನೆನಪಾದವರಂತೆ ಬೇರೆ ಕಡೆ ತಿರುಗುತ್ತಿದ್ದರು.

ಗೌರಿ ಹಬ್ಬದ ದಿನ ಮಧ್ಯಾಹ್ನ ಲಿಂಗಪ್ಪ ಮಗಳಿಗೆ ಬಾಗಿನ ತಂದರು. ಮೊರ, ಬಳೆ, ರವಿಕೆ ಬಟ್ಟೆ, ತೆಂಗಿನಕಾಯಿ, ಬೆಲ್ಲ, ಏನೂ ಕಡಿಮೆಯಿರಲಿಲ್ಲ. ಕಡಿಮೆಯಾಗಿದ್ದವರು ಅವರೇ. ಅಂಗಿಯ ಕಾಲರಿನೊಳಗೆ ಕತ್ತು ಸಡಿಲವಾಗಿತ್ತು. ಬೆರಳುಗಳ ಚರ್ಮ ನೀರಿನಲ್ಲಿ ನೆನೆದು ಬೆಳ್ಳಗಾಗಿತ್ತು. ಈಗ ಅತ್ತಿಗುಂಡಿಯ ಒಂದು ಹೋಮ್‌ಸ್ಟೇಯಲ್ಲಿ ಪ್ರವಾಸಿಗಳ ಕಾರು ತೊಳೆಯುವ ಕೆಲಸವೆಂದು, ಚಳಿ ಸ್ವಲ್ಪ ಜಾಸ್ತಿ, ಊಟ ಒಳ್ಳೆಯದು ಎಂದು ತಾವಾಗಿಯೇ ಹೇಳಿದರು. ಕವನಾ ಬಾಗಿನ ದೇವರ ಮುಂದಿಟ್ಟು ಹೋಳಿಗೆ ಬೇಯಿಸಲು ಒಳಗೆ ಹೋದಳು. ಪರಮೇಶ್ವರಪ್ಪ ಬಾಳೆ ಎಲೆ ಕೊಯ್ಯಲು ಕತ್ತಿ ಹಿಡಿದು ಹಿತ್ತಿಲಿಗಿಳಿದರು. ಜಗಲಿಯಲ್ಲಿ ಉಳಿದವರು ಇಬ್ಬರು.

ತುಂಗಮ್ಮ ತುಂಬ ದಿನದಿಂದ ಕಟ್ಟಿಟ್ಟುಕೊಂಡಿದ್ದನ್ನು ಆಡಿಬಿಟ್ಟರು.

"ಬೀಗ್ರೆ, ಅವತ್ತಿನ ಮಾತು ಬಾಯಿ ತಪ್ಪಿ ಬಂದಿದ್ದಲ್ಲ. ಗೊತ್ತಿದ್ದೂ ಅಂದೆ. ನಿಮ್ಮ ಕೆಲಸ ಹೋಗುತ್ತೆ ಅಂತ ಗೊತ್ತಿತ್ತು. ಇವರು ಕಳ್ಳರು ಅಂತ ಸಹಿ ಹಾಕೋದು ನೋಡೋಕಾಗ್ಲಿಲ್ಲ."

ಲಿಂಗಪ್ಪ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟರು. ಒಳಗೆ ಕವನಾ ಯಾವುದೋ ಡಬ್ಬದ ಮುಚ್ಚಳ ತೆಗೆಯಲು ಕುಟ್ಟುತ್ತಿದ್ದಳು.

"ನಂಗೂ ಗೊತ್ತು ಅಕ್ಕಾ. ನೀವು ನನ್ನ ಮುಖ ನೋಡಿ, ಸ್ವಲ್ಪ ಹೊತ್ತು ಬಿಟ್ಟು ಹೇಳಿದ್ರಿ. ಬಾಯಿ ತಪ್ಪಿದೋರು ಹಾಗೆ ನೋಡಲ್ಲ." ಲೋಟವನ್ನು ಪಕ್ಕಕ್ಕೆ ಸರಿಸಿದರು. "ನಾನೇ ಎದ್ದು ಹೇಳ್ಬೇಕಿತ್ತು. ಕೂತಿದ್ದೆ. ಆ ಸಂಕಟ ನನಗಿರಲಿ."

"ಇವತ್ತು ಅವಳಿಗೂ ಹೇಳಿಬಿಡ್ತೀನಿ. ದೀಪು ಮೇಲೆ ಸುಮ್ಮನೆ ಸಿಟ್ಟು ಇಟ್ಕೊಂಡಿದ್ದಾಳೆ. ನನ್ನ ಕೈಲಿ ಆಗ್ತಾ ಇಲ್ಲ ಬೀಗ್ರೆ."

ಲಿಂಗಪ್ಪ ಗಾಬರಿಯಿಂದ ಒಳಬಾಗಿಲ ಕಡೆ ನೋಡಿದರು. ಎರಡು ಕೈಯನ್ನೂ ಜೋಡಿಸಿದರು.

"ಬೇಡ ಅಕ್ಕಾ. ಅವಳಿಗೆ ಅಮ್ಮ ಇಲ್ಲ. ಫೋನ್ ಮಾಡಿದಾಗೆಲ್ಲ ನಮ್ಮತ್ತೆ ನಮ್ಮತ್ತೆ ಅಂತಾಳೆ. ಇನ್ನೂ ಎಷ್ಟೋ ವರ್ಷ ಅವಳು ನಿಮ್ಮ ಜೊತೆ ಬಾಳ್ಬೇಕು. ನೀವು ಹೇಳಿ ಹಗುರ ಆಗ್ತೀರಿ, ಅವಳೆಲ್ಲಿಗೆ ಹೋಗ್ಬೇಕು? ನನಗೆ ಏನಾದ್ರೂ ಕೊಡ್ಬೇಕು ಅಂತ ಎರಡು ತಿಂಗಳಿಂದ ಒದ್ದಾಡ್ತಿದ್ದೀರಲ್ಲ, ಇದೊಂದು ಕೊಡಿ."

ತುಂಗಮ್ಮ ಉತ್ತರ ಹೇಳುವ ಮುಂಚೆ ಪರಮೇಶ್ವರಪ್ಪ ಎಲೆ ಹಿಡಿದು ಬಂದರು.

ಊಟಕ್ಕೆ ಕೂತಾಗ ಕವನಾ ಎಲ್ಲರಿಗೂ ಬಡಿಸಿದಳು. ಅಪ್ಪನ ಎಲೆಗೆ ಎರಡನೇ ಹೋಳಿಗೆ ಹಾಕುತ್ತಾ, ಅತ್ತೆಯ ಎಲೆಯಲ್ಲಿ ಮೊದಲನೆಯದೇ ಹಾಗೆ ಇರುವುದನ್ನು ನೋಡಿದಳು.

"ನೋಡಿ ಅಪ್ಪ, ಆವತ್ತಿಂದ ಹೀಗೇ. ಬಾಯಿ ತಪ್ಪಿ ಬಂದ ಒಂದು ಮಾತಿಗೆ ಊಟ ಬಿಟ್ಟು ಕೂತ್ರೆ ಹೇಗೆ? ನೀವಾದ್ರೂ ಹೇಳಿ."

ಲಿಂಗಪ್ಪ ಎಲೆಯಿಂದ ತಲೆ ಎತ್ತಲಿಲ್ಲ. ಪರಮೇಶ್ವರಪ್ಪ ನೀರು ಕುಡಿಯಲು ಲೋಟ ಎತ್ತಿದವರು ಹಾಗೇ ಹಿಡಿದುಕೊಂಡರು. ಕವನಾ 'ಹೌದು ತಾನೆ ಅತ್ತೆ' ಎಂಬಂತೆ ನೋಡುತ್ತಾ ನಿಂತಿದ್ದಳು.

"ಹೌದು ಮಗಾ, ಬಾಯಿ ತಪ್ಪಿ ಬಂತು," ಅಂದರು ತುಂಗಮ್ಮ.

ಆ ಮಾತನ್ನು ಅವರು ತಮ್ಮ ಬಾಯಿಂದ ಆಡಿದ್ದು ಅದೇ ಮೊದಲು. ಕವನಾಳ ಮುಖ ಅರಳಿತು. ಇನ್ನು ತಿನ್ನಿ ಎಂದು ಹೋಳಿಗೆಯ ಮೇಲೆ ತುಪ್ಪ ಹಾಕಿದಳು. ತುಂಗಮ್ಮ ಒಂದು ತುಂಡನ್ನೂ ಬಿಡದೆ ತಿಂದರು, ಅವಳು ಇನ್ನೊಂದು ಹಾಕಿದಾಗ ಬೇಡವೆನ್ನಲಿಲ್ಲ.